ಎಡಗಡೆಯ ಮಡ್‌ಗಾರ್ಡ್

ವಡಗಾವಿಯ ಓಣಿಗಳಲ್ಲಿ ಮಗ್ಗದ ಮೋಟಾರು ಸುಟ್ಟರೆ ಜನ ಮೊದಲು ಹುಡುಕಿಕೊಂಡು ಹೋಗುವುದು ಶಶಿಧರನ ಅಂಗಡಿಯನ್ನು. ಮೂವತ್ತು ವರ್ಷದಿಂದ ಅವನು ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತ ಬಂದಿದ್ದಾನೆ. ಕೈ ಪಳಗಿದೆ, ಮನಸ್ಸು ಮಾತ್ರ ಪಳಗಿಲ್ಲ. ಬೀಗ ಹಾಕಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಎಳೆದು ನೋಡುತ್ತಾನೆ. ರಿಪೇರಿ ಮಾಡಿಕೊಟ್ಟ ಮೋಟಾರಿನ ಬಗ್ಗೆ ಎರಡು ದಿನ ಯಾರೂ ದೂರು ಹೇಳದಿದ್ದರೆ, ಏನಾಯಿತೋ ಎಂದು ತಾನೇ ಫೋನು ಮಾಡುತ್ತಾನೆ. "ಚಿಂತಿ ಇಲ್ಲಂದ್ರ ನಿಮಗ ಅದರದ ಒಂದ ಚಿಂತಿ" ಎಂದು ಹೆಂಡತಿ ಪ್ರಮಿಳಾ ನಗುತ್ತಾಳೆ.

ಅವನು ಚಿಂತೆ ಮರೆಯುತ್ತಿದ್ದುದು ರವಿವಾರ ಮಧ್ಯಾಹ್ನ ಮಾತ್ರ. ಅಂಗಡಿಯ ಮೇಲಿನ ಕೋಣೆಯಲ್ಲಿ ಅವನೂ ಇಬ್ಬರು ಗೆಳೆಯರೂ ಪ್ಲೈವುಡ್ಡಿನ ಹಲಗೆಗಳನ್ನು ಜೋಡಿಸಿ ಒಂದು ದಾರಿ ಮಾಡಿದ್ದರು. ದಾರಿಯ ನಡುವೆ ಸಣ್ಣ ಸೀಳು, ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ. ಅಂಗೈಯಗಲದ ಕಾರಿನ ಹೊಟ್ಟೆಯಲ್ಲಿರುವ ಮೊಳೆ ಆ ಸೀಳಿನಲ್ಲಿ ಕೂರುತ್ತದೆ. ಕೈಯಲ್ಲಿರುವ ಗುಂಡಿ ಒತ್ತಿದರೆ ಪಟ್ಟಿಯಿಂದ ಕರೆಂಟು ಹರಿದು ಕಾರು ಓಡುತ್ತದೆ. ತಿರುವಿನಲ್ಲಿ ಜಾಸ್ತಿ ಒತ್ತಿದರೆ ಹಾರಿ ಬೀಳುತ್ತದೆ. ಸ್ಲಾಟ್ ಕಾರ್ ಎನ್ನುತ್ತಾರೆ. ಊರಿನಲ್ಲಿ ಈ ಹುಚ್ಚು ಇದ್ದವರು ಮೂರೇ ಜನ. ಶಶಿಧರ, ಫೌಂಡ್ರಿಯಲ್ಲಿ ಕಟ್ಟಿಗೆಯ ಅಚ್ಚು ಕೆತ್ತಿ ನಿವೃತ್ತನಾದ ಗಜಾನನ, ಮತ್ತೆ ನೆಹರು ನಗರದ ಒಂದು ಲ್ಯಾಬಿನಲ್ಲಿ ಹಲ್ಲಿನ ಸೆಟ್ ಮಾಡುವ ಪ್ರಾಚಿ.

ಪ್ರಾಚಿಯ ಅಜ್ಜಿಯ ಗೆಳತಿಯೊಬ್ಬರು ಖಾನಾಪುರದಲ್ಲಿದ್ದರು. ರಾಜಮತಿ ಎಂದು, ಎಪ್ಪತ್ತೊಂದು ವರ್ಷದ ನಿವೃತ್ತ ಶಿಕ್ಷಕಿ. ಪ್ರಾಚಿಯ ಮೊಬೈಲಿನಲ್ಲಿ ಈ ಆಟ ನೋಡಿದವರೇ ಒಂದು ದಿನ ಬಸ್ಸು ಹತ್ತಿ ವಡಗಾವಿಗೆ ಬಂದರು. ಚೀಲದಿಂದ ಹಳೆಯ ಮಫ್ಲರ್ ತೆಗೆದರು. ಮಫ್ಲರಿನೊಳಗೆ ಕೆಂಪು ರೇಸ್ ಕಾರು. ಅರವತ್ತರ ದಶಕದ್ದು, ಪರದೇಶದ ಮಾಲು, ಅವರ ತಂದೆ ಮುಂಬಯಿಯಿಂದ ತಂದದ್ದು. ಟೈರು ಒಣಗಿ ಬಿರಿದಿದ್ದವು, ಮೋಟಾರು ಸತ್ತಿತ್ತು, ಆದರೆ ಮೈಮೇಲೆ ಒಂದು ಬಿರುಕೂ ಇರಲಿಲ್ಲ.

"ನಮ್ಮ ತಮ್ಮಂದ್ರಿ ಇದು. ಮುಂದಿನ ತಿಂಗಳ ಎರಡನೇ ರವಿವಾರ ಕೊಲ್ಲಾಪುರದಿಂದ ಬರತಾನ. ಅಷ್ಟರಾಗ ಓಡೂಹಂಗ ಆಗಬೇಕು" ಎಂದರು. ಆಮೇಲೆ ಸ್ವಲ್ಪ ತಡೆದು, "ಇಂಥಾದ್ದು ಇನ್ನೊಂದು ಸಿಗೂದಿಲ್ರಿ" ಎಂದರು.

ಆ ಕೊನೆಯ ಮಾತು ಶಶಿಧರನ ಎದೆಯಲ್ಲಿ ನಾಟಿತು.

ಮೊದಲ ವಾರ ಎಲ್ಲ ಸುಸೂತ್ರ. ಕಡಲೆಕಾಯಿಯಷ್ಟಿದ್ದ ಮೋಟಾರನ್ನು ಬಿಚ್ಚಿ, ಕೂದಲಿಗಿಂತ ಸಣ್ಣ ತಂತಿಯನ್ನು ಭೂತಗನ್ನಡಿಯ ಕೆಳಗೆ ಸುತ್ತಿದ. ಎರಡು ಸಲ ಹರಿಯಿತು, ಮೂರನೇ ಸಲ ಕೂತಿತು. ಕರೆಂಟು ಕೊಟ್ಟಾಗ ಜೀರುಂಡೆಯ ಹಾಗೆ ಗುಂಯ್ ಎಂದಿತು. ಆ ಖುಷಿಯಲ್ಲೇ ಅವನು ಕೆಟ್ಟದ್ದು. ಎಡಗಡೆಯ ಮುಂದಿನ ಮಡ್‌ಗಾರ್ಡಿನ ಮೇಲೆ ಹಳೆಯ ಗ್ರೀಸು ಕಂದುಬಣ್ಣವಾಗಿ ಅಂಟಿತ್ತು. ದಿನಾ ಮೋಟಾರುಗಳನ್ನು ಒರೆಸುವ ರೂಢಿಯ ಕೈ ಬಣ್ಣ, ಜಿಡ್ಡು ಕರಗಿಸುವ ಥಿನ್ನರ್ ಡಬ್ಬಿಗೆ ಹೋಯಿತು. ಬಟ್ಟೆ ಅದ್ದಿ ಒರೆಸಿದ. ಕೆಂಪು ಪ್ಲಾಸ್ಟಿಕ್ಕು ಬಿಸಿಲಿಗಿಟ್ಟ ಬೆಲ್ಲದ ಹಾಗೆ ಮೆತ್ತಗಾಯಿತು. ಬಟ್ಟೆ ಕಿತ್ತೆಸೆದು ಹಿಡಿದುಕೊಂಡ, ಅದೇ ತಪ್ಪಾಯಿತು. ಅವನ ಹೆಬ್ಬೆರಳು ರೇಖೆಗಳ ಸಮೇತ ಅದರಲ್ಲಿ ಮೂಡಿ ನಿಂತಿತು.

ಕಾರಿನ ಮೇಲೆ ಟವೆಲ್ ಮುಚ್ಚಿ ಅಂಗಡಿಯ ಕಟ್ಟೆಯ ಮೇಲೆ ಕೂತುಬಿಟ್ಟ. ಅರ್ಧ ತಾಸಿಗೇ ಖಾನಾಪುರದಿಂದ ಫೋನು.

"ಹೆಂಗ ನಡದೈತ್ರಿ ಕೆಲಸ?"

"ನಡದೈತ್ರಿ, ಅಕ್ಕಾರ."

ಸುಳ್ಳಲ್ಲ, ಖರೆಯೂ ಅಲ್ಲ. ಅಂದಿನಿಂದ ಫೋನಿನ ಗಂಟೆ ಕೇಳಿದರೆ ಅಂಗಡಿಯಿಂದ ಹೊರಗೆ ಹೋಗಿ ನಿಲ್ಲುತ್ತಿದ್ದ. ಗಂಟೆಯನ್ನೇ ಬಂದ್ ಮಾಡಿದ. ಆಮೇಲೆ ಅವರು ಫೋನು ಮಾಡಿದ್ದರೇನೋ ಎಂದು ಐದೈದು ನಿಮಿಷಕ್ಕೆ ತೆಗೆದು ನೋಡತೊಡಗಿದ. ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಮೂರನೇ ದಿನ ಪ್ರಮಿಳಾಳೇ ಅವನಿಗೆ ಹೇಳದೆ ಗಜಾನನನಿಗೆ ಫೋನು ಮಾಡಿದಳು.

ಸಂಜೆ ಅವನೂ ಪ್ರಾಚಿಯೂ ಬಂದರು. ಟವೆಲ್ ತೆಗೆದು ನೋಡಿದ ಪ್ರಾಚಿ ಬಾಯಿಗೆ ಕೈ ಒತ್ತಿಕೊಂಡಳು. "ಕಾಕಾ, ಥಿನ್ನರ್ ಹಚ್ಚಿದ್ರಿ?"

ಗಜಾನನ ಕಾರನ್ನು ತಿರುವಿ ತಿರುವಿ ನೋಡಿದ. "ಬಲಗಡೆದು ಚಲೋ ಐತಲ್ಲ. ಅದನ್ನ ನೋಡಿ ಎಡಗಡೆದು ಸಾಗವಾನಿಯಾಗ ಕೆತ್ತತೀನಿ. ಜಲ್ಮೆಲ್ಲಾ ಉಲ್ಟಾ ನೋಡಿ ಸೀದಾ ಕೆತ್ತೂದ ನನ್ನ ಕೆಲಸ."

"ಅದರ ಅಚ್ಚ ತಗೊಂಡು ನಾನು ಹಲ್ಲಿನ ಸೆಟ್ ಮಾಡೂ ಸಾಮಾನಿನ್ಯಾಗ ಎರಕ ಹೊಯ್ತೀನಿ" ಎಂದಳು ಪ್ರಾಚಿ. "ಆದ್ರ ಕೆಟ್ಟ ಭಾಗ ಕೊಯ್ದ ತಗೀಬೇಕಾಕ್ಕೈತಿ."

ಕೊಯ್ಯುವುದು! ಶಶಿಧರ ಮುಖ ತಿರುಗಿಸಿ ನಿಂತ. ಪ್ರಾಚಿಯ ಸಣ್ಣ ಡ್ರಿಲ್ಲಿನ ಸದ್ದು ಕೇಳುವಷ್ಟು ಹೊತ್ತೂ ಅವನ ಹಲ್ಲು ಜುಮ್ಮೆನ್ನುತ್ತಿದ್ದವು.

ಗಜಾನನ ನಾಲ್ಕು ದಿನ ತೆಗೆದುಕೊಂಡ. ಮೊದಲ ಎರಕದಲ್ಲಿ ಗುಳ್ಳೆ ಎದ್ದವು. ಎರಡನೆಯದು ಆರುವಾಗ ಕುಗ್ಗಿ ಕೂದಲೆಳೆಯಷ್ಟು ಕಡಿಮೆ ಬಿತ್ತು. ಮೂರನೆಯದು ಕೂತಿತು, ವಸಡಿನ ಗುಲಾಬಿ ಬಣ್ಣದಲ್ಲಿ. ಅಂಟಿಸುವಾಗ ಮೂವರಿಗೂ ಒಂದೇ ಹೆದರಿಕೆ. ಆ ಅಂಟು ಮತ್ತೆ ಪ್ಲಾಸ್ಟಿಕ್ಕನ್ನು ತಿಂದರೆ? ತಿನ್ನಲಿಲ್ಲ.

"ಇನ್ನ ಕೆಂಪ ಬಣ್ಣ ಹೊಡದ್ರ ಮುಗೀತು" ಎಂದ ಗಜಾನನ.

"ಅಕ್ಕಾರಿಗೆ ಹೇಳಬೇಕಲ್ಲ ಮಾಮಾ?" ಎಂದ ಶಶಿಧರ.

"ಹೇಳೂದ್ಯಾಕೋ? ಬಣ್ಣ ಹಚ್ಚಿದ ಮ್ಯಾಲ ದೇವರಿಗೂ ತಿಳಿಯೂದಿಲ್ಲ."

ಶಶಿಧರ ಹೂಂಗುಟ್ಟಿದ. ಆದರೆ ಗುರುವಾರ ಬೆಳಿಗ್ಗೆ, ಬಣ್ಣ ಹಚ್ಚುವ ಮೊದಲೇ, ಕಾರನ್ನು ಹತ್ತಿಯಲ್ಲಿ ಸುತ್ತಿ ಊಟದ ಡಬ್ಬಿಯೊಳಗಿಟ್ಟುಕೊಂಡು ಖಾನಾಪುರದ ಬಸ್ಸು ಹತ್ತಿದ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಪೇಟೆಯ ಹಿಂದಿನ ಓಣಿಯಲ್ಲಿ ಅವರ ಬಾಗಿಲ ಮುಂದೆ ನಿಂತಾಗ ಒಂದು ಶಬ್ದವೂ ನೆನಪಾಗಲಿಲ್ಲ.

"ಬರ್ರಿ, ಕುಂದರ್ರಿ."

ಕೂರಲಿಲ್ಲ. ಡಬ್ಬಿ ತೆರೆದು ಟೀಪಾಯಿಯ ಮೇಲಿಟ್ಟ. "ಅಕ್ಕಾರ, ನನ್ನಿಂದ ತಪ್ಪಾಗೈತಿ" ಎಂದು ಥಿನ್ನರಿನಿಂದ ಹಿಡಿದು ಗುಲಾಬಿ ತುಂಡಿನವರೆಗೆ ಒಂದೇ ಉಸಿರಿಗೆ ಹೇಳಿದ.

ರಾಜಮತಿ ಕನ್ನಡಕ ಏರಿಸಿ ಗುಲಾಬಿ ತುಂಡಿನ ಮೇಲೆ ಬೆರಳಾಡಿಸಿದರು. ಕಾರನ್ನು ಕಿಟಕಿಯ ಬೆಳಕಿಗೆ ಹಿಡಿದು ಬಲಗಡೆಯದರ ಜೊತೆ ಹೋಲಿಸಿದರು.

"ಬಣ್ಣ ಹಚ್ಚಿ ಕೊಟ್ಟಿದ್ರ ನನಗ ತಿಳೀತಿರಲಿಲ್ಲ."

"ಹೌದ್ರಿ."

"ಮತ್ತ ಯಾಕ ಹೇಳಿದ್ರಿ?"

"ಹೊಟ್ಟಿಯೊಳಗ ಇಟ್ಟಕೊಳ್ಳಾಕ ಆಗಲಿಲ್ರಿ."

"ನಾ ಅರವತ್ತ ವರ್ಷ ಇಟ್ಟಕೊಂಡೀನಿ" ಎಂದರು ಅವರು, ಮೆಲ್ಲಗೆ.

ಆಮೇಲೆ ಹೇಳಿದರು. ತಮ್ಮ ಜಿನಪ್ಪನಿಗೆ ಆಗ ಒಂಬತ್ತು ವರ್ಷ, ಇವರಿಗೆ ಹನ್ನೆರಡು. 'ಹುಡಿಗ್ಯಾರ ಆಟ ಅಲ್ಲ ಇದು' ಎಂದು ಅವನು ಒಮ್ಮೆಯೂ ಮುಟ್ಟಗೊಡಲಿಲ್ಲ. ಸಿಟ್ಟಿಗೆ ಇವರು ಕಾರನ್ನು ಅಟ್ಟದ ಟ್ರಂಕಿನಲ್ಲಿ ಬಚ್ಚಿಟ್ಟರು, ಎರಡು ದಿನ ಅಳಿಸಿ ಕೊಟ್ಟರಾಯಿತೆಂದು. ಅಷ್ಟರಲ್ಲಿ ಅಷ್ಟು ತುಟ್ಟಿಯ ಸಾಮಾನು ಕಳೆದನೆಂದು ತಂದೆ ಅವನನ್ನು ಹೊಡೆದರು. ಹೊಡೆತ ಬಿದ್ದ ಮೇಲೆ ಹೇಳುವ ಧೈರ್ಯ ಬರಲಿಲ್ಲ. ತಂದೆ ತೀರಿದರು, ಮದುವೆಗಳಾದವು, ಮೊಮ್ಮಕ್ಕಳಾದರು. ಹೇಳುವ ದಿನ ಮಾತ್ರ ಬರಲಿಲ್ಲ.

"ರವಿವಾರ ನೀವೂ ಬರ್ರಿ. ಒಬ್ಬಾಕಿಗೇ ಹೇಳಾಕ ಅಂಜಿಕಿ ಬರತೈತಿ."

ತನ್ನ ಚಿಂತೆ ಇಳಿಸಲು ಹೋದ ಶಶಿಧರ ಅವರದನ್ನೂ ಹೊತ್ತುಕೊಂಡು ಮರಳಿದ.

ರವಿವಾರ ಶಶಿಧರ ಮತ್ತು ಗಜಾನನ ಓಮ್ನಿ ವ್ಯಾನಿನಲ್ಲಿ ನಾಲ್ಕು ಹಲಗೆ ಹೇರಿಕೊಂಡು ಹೋಗಿ ರಾಜಮತಿಯವರ ಪಡಸಾಲೆಯಲ್ಲಿ ಚಿಕ್ಕ ದಾರಿ ಜೋಡಿಸಿದರು. ಕಾರು ಈಗ ಪೂರ್ತಿ ಕೆಂಪು. ಹನ್ನೊಂದಕ್ಕೆ ಜಿನಪ್ಪ ಬಂದರು. ಎತ್ತರದ ಆಳು, ಕಡಿಮೆ ಮಾತು; ಹಲಗೆಗಳು ಯಾಕೆಂದೂ ಕೇಳಲಿಲ್ಲ. ನಾಲ್ಕರ ಬಸ್ಸಿಗೆ ತಿರುಗಿ ಹೋಗಬೇಕು ಎಂದರು. ಜೈನರ ಮನೆಯ ಊಟವಾಯಿತು. ರಾಜಮತಿ ಬಾಯಿ ತೆರೆದರು, ಮಳೆಯ ಮಾತಾಡಿದರು. ಮತ್ತೆ ತೆರೆದರು, ಮೊಮ್ಮಗಳ ಪರೀಕ್ಷೆಯ ಮಾತಾಡಿದರು. ಬಾಗಿಲ ಬದಿಗೆ ನಿಂತ ಶಶಿಧರ ಕೈಯಲ್ಲಿದ್ದ ಗುಂಡಿಯ ವೈರನ್ನು ಸುತ್ತುತ್ತ ಬಿಚ್ಚುತ್ತ ಇದ್ದ. ಎರಡೂವರೆಗೆ ರಾಜಮತಿ ಎದ್ದು ಮಫ್ಲರ್ ತಂದು ತಮ್ಮನ ತೊಡೆಯ ಮೇಲಿಟ್ಟರು.

ಜಿನಪ್ಪ ಬಿಚ್ಚಿ ನೋಡಿದರು. "ಎಲ್ಲಿ ಸಿಕ್ತು?"

"ಸಿಗಲಿಲ್ಲೋ. ನಾನ ಮುಚ್ಚಿಟ್ಟಿದ್ದೆ."

ಜಿನಪ್ಪ ಕಾರನ್ನು ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದರು. ನಲ್ಲಿಯ ನೀರು ಸುರಿಯುವ ಸದ್ದು ಬಂತು, ನಿಂತಿತು, ಅವರು ಮಾತ್ರ ಬರಲಿಲ್ಲ. "ಹಲಗಿ ಬಿಚ್ಚೂಣೇನು?" ಎಂದು ಗಜಾನನ ಪಿಸುಗುಟ್ಟಿದ. ಶಶಿಧರ ತಲೆ ಅಲ್ಲಾಡಿಸಿದ. ಮೂಗು ತೂರಿಸಬಾರದಿತ್ತು, ಇವರ ಮನೆ ಮುರಿದೆನಲ್ಲ ಎಂದುಕೊಂಡ.

ಜಿನಪ್ಪ ಮುಖ ಒರೆಸಿಕೊಳ್ಳುತ್ತ ಬಂದರು. "ಅಪ್ಪಾರು ಅವತ್ತ ಬೆಲ್ಟಿನ್ಯಾಗ ಹೊಡದ್ರು, ಅಕ್ಕಾ."

"ನೋಡೀನೋ. ಬಾಗಲಾ ಹಿಂದ ನಿಂತ ನೋಡೀನಿ."

ಜಿನಪ್ಪ ನೆಲದ ಮೇಲೆ ಕೂತು ಕಾರನ್ನು ದಾರಿಗಿಟ್ಟು ಕೈಚಾಚಿದರು. ಶಶಿಧರ ಗುಂಡಿ ಕೊಟ್ಟ. ಕಾರು ಗುಂಯ್ಯೆಂದು ಹೊರಟು ಮೊದಲ ತಿರುವಿನಲ್ಲೇ ಹಾರಿ ಗೋಡೆಗೆ ಬಡಿಯಿತು. ಶಶಿಧರ ಕಣ್ಣು ಮುಚ್ಚಿದ. ತೆರೆದಾಗ ಜಿನಪ್ಪ ಕಾರನ್ನು ಬೆಳಕಿಗೆ ಹಿಡಿದಿದ್ದರು. ಎಡಗಡೆಯ ಮಡ್‌ಗಾರ್ಡಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಸಿಡಿದು ಗುಲಾಬಿ ಕಾಣುತ್ತಿತ್ತು.

"ಅದು ನನ್ನ ತಪ್ರಿ..." ಎಂದು ಶಶಿಧರ ಶುರುಮಾಡಿದ.

"ಇರಲಿ ಬಿಡ್ರಿ" ಎಂದರು ಜಿನಪ್ಪ. "ಇವತ್ತ ತಪ್ಪ ಕೇಳಿದ್ದು ಸಾಕು."

ಮತ್ತೆ ಓಡಿಸಿದರು. ಹತ್ತು ಸುತ್ತು, ಇಪ್ಪತ್ತು ಸುತ್ತು. ನಗಲಿಲ್ಲ, ಅಕ್ಕನ ಮುಖವನ್ನೂ ನೋಡಲಿಲ್ಲ. ನಾಲ್ಕು ಹೊಡೆಯಿತು; ಬಸ್ಸಿನ ನೆನಪು ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ನಾಲ್ಕೂವರೆಗೆ, ಕಣ್ಣು ಕಾರಿನ ಮೇಲಿಟ್ಟೇ ಅವರೆಂದರು: "ಅಕ್ಕಾ, ಹೊತ್ತ ಮುಳಗೂದರಾಗ ಊಟಕ್ಕ ಹಾಕು. ಇವತ್ತ ಇಲ್ಲೇ ಇರತೀನಿ."

ರಾಜಮತಿ ಸೆರಗು ಸಿಕ್ಕಿಸಿಕೊಂಡು ಅಡಿಗೆಮನೆಗೆ ನಡೆದರು. ನಡಿಗೆ ಬಿರುಸಾಗಿತ್ತು, ಕಣ್ಣು ಒದ್ದೆಯಾಗಿತ್ತು.

ಹಲಗೆಗಳನ್ನು ಅಲ್ಲೇ ಬಿಟ್ಟು ಶಶಿಧರ, ಗಜಾನನ ಹೊರಟರು. ಊರು ದಾಟುವ ಮೊದಲೇ ಶಶಿಧರನ ತಲೆ ಓಮ್ನಿಯ ಕಿಟಕಿಗೆ ಒರಗಿ ಗೊರಕೆ ಶುರುವಾಯಿತು. ವಡಗಾವಿಯಲ್ಲಿ ಮನೆಯ ಮುಂದೆ ಗಾಡಿ ನಿಲ್ಲಿಸಿದ ಗಜಾನನ ಅವನನ್ನು ಎರಡು ಸಲ ಕೂಗಿದ. ಕೊನೆಗೆ ಪ್ರಮಿಳಾಳೇ ಬಂದು ಭುಜ ಅಲುಗಿಸಬೇಕಾಯಿತು.