ಮೊದಲನೇ ಖೋಲಿಯ ದೊಡ್ಡವ್ವ

ಗದ್ದದ ಮೇಲೆ ಹಸಿರು ಚುಕ್ಕಿಗಳ ಹಚ್ಚೆ. ಬೈಯುವಾಗ ಆ ಚುಕ್ಕಿಗಳು ಒಂದರಿಂದೊಂದು ದೂರ ಸರಿಯುತ್ತಿದ್ದವು, ಬಾಯಿ ಮುಚ್ಚಿದಾಗ ಹತ್ತಿರವಾಗುತ್ತಿದ್ದವು. ಅವು ಹತ್ತಿರವಾದದ್ದನ್ನು ನಾನು ಕಂಡದ್ದು ಕಡಿಮೆ.

ಮಣಿಪಾಲದ ಇಳಿಜಾರಿನ ಆ ಸಾಲುಮನೆಗಳಲ್ಲಿ ಬಾಗಲಕೋಟೆ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಇದ್ದರು. ನನ್ನ ಅಪ್ಪ, ಅವ್ವ ಕೂಡ. ಮೊದಲನೇ ಖೋಲಿ ಆ ಹಚ್ಚೆಯವಳದು. ದೊಡ್ಡವ್ವ ಎನ್ನುತ್ತಿದ್ದೆವು, ಪ್ರೀತಿಯಿಂದಲ್ಲ, ಬೇರೆ ಏನೆಂದು ಕರೆಯಲೂ ಹೆದರಿ. ಓದುತ್ತ ಕುಳಿತ ನನ್ನನ್ನು ಕಂಡರೆ, "ಕುಂತಾಳ ನೋಡು ರಾಣಿ. ನೀರು ಪುಸ್ತಕದಾಗಿಂದ ಬರ್ತಾವೇನು?" ಎನ್ನುವಳು. ಯಾರಾದರೂ ನಗುತ್ತ ಮಾತಿಗೆ ಬಂದರೆ, "ಹಲ್ಲು ಆಮ್ಯಾಲೆ ತೋರಸು. ಏನು ಬೇಕು ಹೇಳು."

ಕ್ರಮೇಣ ಸಾಲು ಬದಲಾಯಿತು. ನಾವು ಉದ್ಯಾವರಕ್ಕೆ ಹೋದೆವು, ಉಳಿದವರು ಕಾಪುವಿಗೋ ಊರಿಗೋ. ಖೋಲಿಗಳಿಗೆ ಒಡಿಶಾದ ಕೂಲಿಗಳು ಬಂದರು. "ಎಲ್ಲೆಲ್ಲಿಂದಲೋ ಬಂದು ಬಿದ್ದಾವ" ಎಂದು ಅವರನ್ನು ಶಪಿಸುತ್ತಿದ್ದಳು. ನಾವೂ ಹಾಗೆಯೇ ಬಂದವರಲ್ಲವೇ ಎಂದು ಕೇಳಿದೆ.

"ನಾ ಬಂದಾಗ ಇಲ್ಲಿ ಬರೇ ಗುಡ್ಡ ಇತ್ತು. ಇವರು ಬಂದಿದ್ದು ನಾ ಕಟ್ಟಿದ ಊರಿಗೆ."

ನಮ್ಮವರಿಗೆ ನಾಗರಪಂಚಮಿ ಎಂದರೆ ಜೋಕಾಲಿ. ಇಲ್ಲಿಯವರು ಆ ದಿನ ನಾಗನ ಕಲ್ಲಿಗೆ ಹಾಲೆರೆದು ಮಡಿಯಲ್ಲಿರುತ್ತಾರೆ. ಹಿತ್ತಿಲ ಮರದಡಿಯಲ್ಲಿ ಅಂಥ ಕಲ್ಲಿದ್ದುದರಿಂದ ಮನೆ ಮಾಲೀಕರು ಅಲ್ಲಿ ಜೋಕಾಲಿ ಕಟ್ಟಲು ಎಂದೂ ಬಿಟ್ಟಿರಲಿಲ್ಲ. ಹೋದ ವರ್ಷ ಅವರೇ ವಿಧಿ ಮಾಡಿಸಿ ಕಲ್ಲನ್ನು ಪೆರ್ಡೂರಿನ ತಮ್ಮ ಮೂಲಮನೆಗೆ ಸಾಗಿಸಿದರು. ಮರ ಕಡಿದು, ಸಾಲು ಕೆಡವಿ, ವಿದ್ಯಾರ್ಥಿಗಳಿಗೆ ಪಿ.ಜಿ. ಕಟ್ಟಿಸುವುದಿತ್ತು. ಎಲ್ಲರೂ ಖೋಲಿ ಬಿಟ್ಟರು. ದೊಡ್ಡವ್ವ ಮಾತ್ರ ಸತ್ತರೂ ಆ ಖೋಲಿಯಲ್ಲೇ ಸಾಯುವೆನೆಂದಳು.

ಆ ಪಂಚಮಿಗೆ ನಾವು ಎಳ್ಳು, ಶೇಂಗಾದ ಉಂಡಿ ತೆಗೆದುಕೊಂಡು ಹೋದಾಗ ಅವಳು ಆ ಮರಕ್ಕೆ ಹಗ್ಗ ಕಟ್ಟಿ ಜೀಕುತ್ತಿದ್ದಳು. ಮಾಲೀಕರು ಓಡಿ ಬಂದರು.

"ಎಂತ ಇದು ಮಾರಾಯ್ತಿ? ನಾಗ ಇದ್ದ ಜಾಗ ಅಲ್ವಾ? ಇಳೀರಿ ಕೆಳಗೆ."

"ನಾಗಪ್ಪನ ಖೋಲಿ ಖಾಲಿ ಮಾಡ್ಸಿದಾಂವ ನೀನು. ಈಗ ನಂದಕ್ಕ ಬಂದಿ. ಅಂವ ಸುಮ್ನ ಹೋದ, ನಾ ಹೋಗಂಗಿಲ್ಲ."

ಇಳಿಯಲಿಲ್ಲ. ಮಾಲೀಕರು ಮೊದಲು ಕರೆಂಟು ತೆಗೆಸಿದರು, ಆಮೇಲೆ ನೀರಿನ ನಳ್ಳಿ, ಕೊನೆಗೆ ಪಕ್ಕದ ಖೋಲಿಯ ಹೆಂಚು. ಗೋಡೆಯೊಳಗೆ ಮಳೆ ಇಳಿಯಿತು. ಜ್ವರದಲ್ಲಿ ಎಚ್ಚರ ತಪ್ಪಿದ್ದವಳನ್ನು ನಮ್ಮ ಮನೆಗೆ ತಂದೆವು. ಎಚ್ಚರವಾದೊಡನೆ ಅವ್ವನನ್ನು ಬೈದಳು: "ಯಾರು ಹೇಳಿದ್ರು ತರಾಕ? ಬಾಗಲಾ ಹಾಕಿ ಬಂದೀರೇನು?" ದಿನವೂ ಅದೇ ಪ್ರಶ್ನೆ. ಖೋಲಿಯನ್ನು ಕೆಡವಿದ ದಿನ ನಾನೇ ಹೇಳಿದೆ. ಹೇಳದಿದ್ದರೂ ನಮ್ಮ ಮುಖ ನೋಡಿಯೇ ಅವಳಿಗೆ ತಿಳಿಯುತ್ತಿತ್ತು. ಗೋಡೆ ಕಡೆ ತಿರುಗಿ ಮಲಗಿದವಳು ಮತ್ತೆ ಈಚೆ ತಿರುಗಲಿಲ್ಲ, ಗಂಜಿಯನ್ನೂ ಮುಟ್ಟಲಿಲ್ಲ.

ಅವಳು ಹೋದ ಸುದ್ದಿ ಕೇಳಿ ಮಾಲೀಕರು ಬಂದರು, ಕೈಯಲ್ಲಿ ಬಾಳೆಹಣ್ಣು. "ಬಾಯಿ ಜೋರು, ಆದರೆ ಒಳ್ಳೆ ಹೆಂಗಸು. ನಮ್ಮ ಮೇಲೆ ಕೊನೆಗೆ ಏನೂ ಸಿಟ್ಟು ಇರ್ಲಿಲ್ಲ, ಅಲ್ವಾ?"

ಇಂಥಲ್ಲಿ ತಲೆಯಾಡಿಸಿ ಒಳಗೆ ಹೋಗುವುದು ನನ್ನ ಅಭ್ಯಾಸ. ಅಂದು ಅವರ ಎದುರೇ ನಿಂತೆ.

"ಇತ್ತು," ಎಂದೆ. "ಈಗಲೂ ಹಾಗೇ ಉಂಟು."