ದುಂಡೇಶ ನೋಡದೇ ಹೋದ ದೃಶ್ಯ

ಬನಹಟ್ಟಿಯ ಸೀರೆ ಅಂಗಡಿಯೊಂದರಲ್ಲಿ ಬಿಲ್ ಬರೆಯುವ ದುಂಡೇಶನಿಗೆ ಜಗತ್ತಿನ ಸಿನಿಮಾಗಳ ಬಗ್ಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ಅವನ್ನು ಯಾರೂ ಕೇಳಿರಲಿಲ್ಲ, ಅದು ಬೇರೆ ಮಾತು. ಪ್ರತಿವರ್ಷ ಬೆಂಗಳೂರಿನಲ್ಲಿ ಚಿತ್ರೋತ್ಸವ ಶುರುವಾಗುವ ಹೊತ್ತಿಗೆ ಅವನ ಬಳಗದಲ್ಲಿ ಯಾರಿಗಾದರೂ ಕಾಯಿಲೆ ಬರುತ್ತಿತ್ತು. ಅಂಗಡಿ ಮಾಲೀಕ ಅಂದಾನೆಪ್ಪನವರು ರಜೆ ಕೊಡುವ ಮೊದಲು ಸುಖದುಃಖ ವಿಚಾರಿಸುತ್ತಿದ್ದರು.

"ಈ ಸಲ ಯಾರಿಗೆ ಆರಾಮಿಲ್ಲಪಾ?"

"ಸೋದರತ್ತಿಗ್ರೀ."

"ಹೋದ ವರ್ಷನೂ ಅಕಿಗೇ ಆಗಿತ್ತಲ್ಲೋ. ಅಕಿದೇನು ಸಿನಿಮಾ ನೋಡಿದ್ರ ಇಳಿಯೂ ಜಡ್ಡೇನು?"

ಹೀಗೆ ಅನ್ನಿಸಿಕೊಂಡು ಹೋಗಿ, ದಿನವಿಡೀ ಹೊರದೇಶಗಳ ಸಿನಿಮಾ ನೋಡಿ, ಊರಿಗೆ ಬಂದು ಫೇಸ್‌ಬುಕ್ಕಿನಲ್ಲಿ 'ನನ್ನ ಅಭಿಪ್ರಾಯ' ಎಂದು ಬರೆಯುವುದು ಅವನ ಪದ್ಧತಿ. ಹಿಮ ಬೀಳುವ ಯಾವುದೋ ದೇಶದ ಒಂದು ಚಿತ್ರದಲ್ಲಿ ಒಬ್ಬ ಮುದುಕ ಕಳೆದುಹೋದ ಕುದುರೆಯನ್ನು ಹುಡುಕುತ್ತ ಸಿನಿಮಾ ಮುಗಿಯುವವರೆಗೂ ನಡೆಯುತ್ತಾನೆ. 'ಕುದುರೆ ಸಿಗಲಿಲ್ಲ, ಆದರೆ ಮನುಷ್ಯ ಸಿಕ್ಕ' ಎಂದು ದುಂಡೇಶ ಬರೆದ. ಆ ಸಾಲು ಬಹಳ ಜನರಿಗೆ ಹಿಡಿಸಿತು. ಎಲ್ಲರಿಗಿಂತ ಹೆಚ್ಚು ಅವನಿಗೇ ಹಿಡಿಸಿತು. ಅದೇ ಅಂಗಡಿಯಲ್ಲಿ ಸೀರೆ ಮಡಿಸುವ ಗೆಳೆಯ ಗೌರೀಶ ಮಾತ್ರ ಎದುರಿಗೇ ಕೇಳಿಬಿಟ್ಟ: "ಅದೆಲ್ಲಾ ಇರಲಿ, ಕುದುರಿ ಎಲ್ಲಿ ಹೋತಲೇ? ಅಷ್ಟು ದೂರ ಹೋಗಿ ಅದನ್ನೂ ತಿಳಕೊಳ್ಳದ ಬಂದಿಯಲ್ಲ!" ಹಾಡು ಇರುವ ಸಿನಿಮಾ ಸಿನಿಮಾವೇ ಅಲ್ಲ ಎಂಬುದು ದುಂಡೇಶನ ಇನ್ನೊಂದು ಅಭಿಪ್ರಾಯ. ಸ್ನಾನ ಮಾಡುವಾಗ ಅವನು ಹಾಡುವುದೆಲ್ಲ ಅಂಥ ಸಿನಿಮಾಗಳ ಹಾಡುಗಳೇ.

ಉತ್ಸವಕ್ಕೆ ಬರುವವರಲ್ಲಿ ಅವನಿಗೊಂದು ಹೆಸರಿತ್ತು. ಮಾತಿಲ್ಲದ, ಸದ್ದಿಲ್ಲದ ಚಿತ್ರಗಳಲ್ಲಿ ದೊಡ್ಡ ದೊಡ್ಡ ಓದಿಕೊಂಡವರೇ ಗೊರಕೆ ಹೊಡೆಯುವಾಗ ದುಂಡೇಶ ಕಣ್ಣು ಪಿಳುಕಿಸದೆ ಕುಳಿತಿರುತ್ತಿದ್ದ. 'ಎಂಥ ತಾಳ್ಮೆ ರೀ ನಿಮ್ದು' ಎಂದು ಜನ ಮೆಚ್ಚುತ್ತಿದ್ದರು. ತಾಳ್ಮೆಯಲ್ಲ, ಅದು ಬನಹಟ್ಟಿಯ ಕಿವಿ. ಕೆಳಗೆ ಪವರ್‌ಲೂಮ್ ಮಗ್ಗಗಳು ಖಟಖಟ ಎನ್ನುವಾಗ ಮೇಲೆ ತೊಟ್ಟಿಲಲ್ಲಿ ಮಲಗಿ ಬೆಳೆದವನು ಅವನು. ಆ ಊರಿನ ಕೂಸುಗಳಿಗೆ ಮಗ್ಗದ ಸದ್ದೇ ಜೋಗುಳ. ಕರೆಂಟು ಹೋಗಿ ಮಗ್ಗ ನಿಂತವೆಂದರೆ ಓಣಿಯ ಕೂಸುಗಳೆಲ್ಲ ಎದ್ದು ಕುಳಿತು ಅಳುತ್ತವೆ. ದುಂಡೇಶ ಅಳುವುದನ್ನು ಬಿಟ್ಟಿದ್ದ, ಅಷ್ಟೇ; ನಿಶ್ಶಬ್ದದಲ್ಲಿ ಅವನಿಗೆ ಇವತ್ತಿಗೂ ರೆಪ್ಪೆ ಕೂಡುವುದಿಲ್ಲ.

ಈ ಸಲದ ಉತ್ಸವದಲ್ಲಿ ಬನಹಟ್ಟಿಯದೇ ಒಂದು ಚಿತ್ರವಿತ್ತು. ವಿಜಯಪುರದ ವೈಶಾಲಿ ಎಂಬ ಹುಡುಗಿ ಅವರಿವರ ಹತ್ತಿರ ಕ್ಯಾಮೆರಾ ಬೇಡಿ ತಂದು ಮಾಡಿದ್ದು. ಅದರಲ್ಲಿ ನಟರಿಲ್ಲ, ಗೌರೀಶನ ಅಪ್ಪ ಬಸಗೊಂಡಪ್ಪ ತಾನಾಗಿಯೇ ಇದ್ದಾನೆ, ನೇಯುತ್ತಾನೆ, ಮಾತಾಡುತ್ತಾನೆ. ಚಿತ್ರ ಮುಗಿದು ಕೆಲವು ತಿಂಗಳಿಗೆ ಬಸಗೊಂಡಪ್ಪ ತೀರಿಕೊಂಡಿದ್ದ. ಮನೆಯವರು ಯಾರೂ ಅದನ್ನು ನೋಡಿರಲಿಲ್ಲ. "ನೀನರ ಕಣ್ಣತುಂಬ ನೋಡಿ ಬಾರಪಾ" ಎಂದು ಬಸಗೊಂಡಪ್ಪನ ಹೆಂಡತಿ ಶಂಕ್ರೆವ್ವ ದುಂಡೇಶನಿಗೆ ದಾರಿಗೆಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಳು.

ಬೆಂಗಳೂರಿನಲ್ಲಿ ದುಂಡೇಶ ಮುಂದಿನ ಸಾಲಿನಲ್ಲೇ ಕುಳಿತ. ಪರದೆಯ ಮೇಲೆ ಬಸಗೊಂಡಪ್ಪ ಗೋಡೆಯಷ್ಟು ದೊಡ್ಡವನಾಗಿ ಬಂದ, ಕೆಮ್ಮಿದ, ಮಗ್ಗಕ್ಕೆ ಹೂಡಿದ ಹಾಸುನೂಲಿನಲ್ಲಿ ಹರಿದ ಎಳೆಯೊಂದನ್ನು ಗಂಟು ಹಾಕಿದ, ಮಗ್ಗದ ಗುಂಡಿ ಒತ್ತಿದ. ಖಟಖಟ, ಖಟಖಟ. ದುಂಡೇಶನಿಗೆ ಆಮೇಲೆ ಗೊತ್ತಾದದ್ದು ಚಪ್ಪಾಳೆ. ಪರದೆಯಲ್ಲಿ ಕರೆಂಟು ಹೋಗಿತ್ತು, ಮಗ್ಗ ನಿಂತಿತ್ತು, ಇವನಿಗೆ ಎಚ್ಚರವಾಗಿತ್ತು, ಸಿನಿಮಾ ಮುಗಿದಿತ್ತು. ಎಲ್ಲರಿಗಿಂತ ಜೋರಾಗಿ ಅವನೂ ಚಪ್ಪಾಳೆ ತಟ್ಟಿದ.

ಮನುಷ್ಯನಾದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ದುಂಡೇಶ ಅಭಿಪ್ರಾಯ ಬರೆದ. 'ನಿರ್ದೇಶಕಿ ಮಗ್ಗವನ್ನು ಮಾತಾಡಿಸಿದ್ದಾರೆ. ಆದರೆ ನೇಕಾರನ ಒಳಮನಸ್ಸು ಕೊನೆಗೂ ತೆರೆದುಕೊಳ್ಳುವುದಿಲ್ಲ.' ತೆರೆದುಕೊಳ್ಳದಿದ್ದದ್ದು ತನ್ನ ಕಣ್ಣು ಎಂದು ಬರೆಯಲು ಧೈರ್ಯ ಬೇಕಿತ್ತು. ವೈಶಾಲಿ ಅದರ ಕೆಳಗೆ ಕೈಮುಗಿದ ಇಮೋಜಿ ಹಾಕಿ ಧನ್ಯವಾದ ಹೇಳಿದ್ದಳು.

ಊರಿಗೆ ಬಂದ ಮರುದಿನ ಶಂಕ್ರೆವ್ವ ಊಟಕ್ಕೆ ಕರೆದಳು. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಹಾಕಿ, ಎದುರಿಗೇ ಕುಳಿತಳು.

"ಹೆಂಗ ಕಾಣ್ತಿದ್ರಪಾ?"

"ಗ್ವಾಡಿಯಷ್ಟು ದೊಡ್ಡವರಾಗಿ ಕಾಣ್ತಿದ್ರು ದೊಡ್ಡವ್ವಾ. ಒಮ್ಮೆ ಕೆಮ್ಮಿದ್ರು."

"ಅಲ್ಲೂ ಕೆಮ್ಮಿದ್ರಾ!" ಎಂದು ಅವಳು ನಕ್ಕು, ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಇಲ್ಲಿಯವರೆಗೆ ಎಲ್ಲ ನಿಜವೇ. ಆಮೇಲೆ ಅವಳು ದನಿ ತಗ್ಗಿಸಿದಳು. "ಕಾವೇರಿ ಸುದ್ದಿ ಏನರ ತಗದ್ರೇನೋ?"

ಕಾವೇರಿ ಅವಳ ಮಗಳು. ಮುಧೋಳದಲ್ಲಿ ಪಂಕ್ಚರ್ ಅಂಗಡಿ ಇಟ್ಟ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೋದವಳು. ಅಂದಿನಿಂದ ಬಸಗೊಂಡಪ್ಪ ಅವಳ ಹೆಸರೆತ್ತಿರಲಿಲ್ಲ, ಮನೆಯಲ್ಲಿ ಎತ್ತಲು ಬಿಟ್ಟಿರಲಿಲ್ಲ. ಅವನ ಮಣ್ಣಿಗೂ ಅವಳನ್ನು ಕರೆದಿರಲಿಲ್ಲ.

ನಾನು ಮಲಗಿದ್ದೆ ಎನ್ನಲು ಅದೇ ಸರಿಯಾದ ಹೊತ್ತು. ದುಂಡೇಶನ ಬಾಯಲ್ಲಿ ರೊಟ್ಟಿಯಿತ್ತು. ಶಂಕ್ರೆವ್ವನ ಮುಖ ನೋಡಿದ. ಆ ಮುಖ ಒಂದೇ ಒಂದು ಉತ್ತರಕ್ಕೆ ಕಾದಿತ್ತು. ಅವನು ತುತ್ತು ನುಂಗಿ ಹೇಳಿದ, "ಹೂಂ ದೊಡ್ಡವ್ವಾ. ಮಗಳನ್ನ ಒಮ್ಮೆ ನೋಡಬೇಕು ಅನಸ್ತೈತಿ ಅಂದ್ರು."

ಇಷ್ಟು ಸಿನಿಮಾ ನೋಡಿದವನಿಗೆ ಒಂದು ಸಂಭಾಷಣೆ ಹೊಳೆಯದೇ ಇರುತ್ತದೆಯೇ?

ಅದು ಅಲ್ಲಿಗೇ ನಿಲ್ಲುತ್ತದೆ ಎಂದುಕೊಂಡಿದ್ದ. ಆದರೆ ಅದೇ ಸಂಜೆ ಶಂಕ್ರೆವ್ವ ಮಗಳಿಗೆ ಫೋನು ಹಚ್ಚಿದಳು. ಮುಂದಿನ ಅಮಾವಾಸ್ಯೆಗೆ ಕಾವೇರಿ ಕೂಸನ್ನು ಎತ್ತಿಕೊಂಡು ತವರಿನ ಹೊಸ್ತಿಲು ದಾಟಿದಳು. ತಾಯಿ ಮಗಳು ಅಪ್ಪಿಕೊಂಡು ಅತ್ತದ್ದನ್ನು ಓಣಿಯೇ ನಿಂತು ನೋಡಿತು. ಅಲ್ಲಿಂದ ಅವಳು ಎರಡು ತಿಂಗಳಲ್ಲಿ ಮೇಲಿಂದ ಮೇಲೆ ಬಂದಳು. ಬಂದಾಗಲೊಮ್ಮೆ ದುಂಡೇಶನಿಗೆ ಆ ಮನೆಯಿಂದ ಕರೆ. "ಅಪ್ಪ ಅಂದದ್ದು ಇನ್ನೊಮ್ಮೆ ಹೇಳೋ" ಎಂದು ಕಾವೇರಿ ಕೇಳುವಳು. ಅವನು ಹೇಳುವನು. ಹೇಳುತ್ತ ಹೇಳುತ್ತ ಮಾತು ಬೆಳೆಯಿತು. ಒಂದು ಸಲ ಬಸಗೊಂಡಪ್ಪ ಕಣ್ಣಲ್ಲಿ ನೀರನ್ನೂ ತಂದುಕೊಂಡ. ಗೌರೀಶ ದುಂಡೇಶನ ಬೆನ್ನಿಗೊಂದು ಗುದ್ದಿ, "ನಿನ್ನ ಸಿನಿಮಾ ಹುಚ್ಚು ಒಂದು ಮನಿ ಕೂಡಸ್ತಲೇ ಮಗನ" ಅಂದ. ದುಂಡೇಶ ಒಳ್ಳೆಯದೇ ಆಯಿತಲ್ಲ ಎಂದು ತನಗೆ ತಾನೇ ಎಷ್ಟು ಹೇಳಿಕೊಂಡರೂ, ಸತ್ತವನ ಬಾಯಲ್ಲಿ ಮಾತು ತುರುಕಿದೆನಲ್ಲ ಎಂಬುದು ಬಿಲ್ ಬರೆಯುವಾಗ, ಚಹಾ ಕುಡಿಯುವಾಗ ಬಂದು ಮುಂದೆ ಕೂಡುತ್ತಿತ್ತು.

ಆಗ ವೈಶಾಲಿಯ ಫೋನು ಬಂತು. "ನಮ್ಮ ಸಿನಿಮಾ ಬನಹಟ್ಟಿ ಸಮುದಾಯ ಭವನದಾಗ ತೋರಸ್ತೀವಿ. ಮುಗದ ಮ್ಯಾಲೆ ನೀವು ನಿಮ್ಮ ಅಭಿಪ್ರಾಯ ಹೇಳಬೇಕು ನೋಡ್ರಿ."

ದುಂಡೇಶ ಬೆವತ. "ಮೇಡಂ, ಅದರಾಗ ಬಸಗೊಂಡಪ್ಪನೋರು ಮಗಳ ಬಗ್ಗೆ ಏನಂತಾರ?"

"ನೀವು ನೋಡೀರಲ್ಲ?"

"ನೋಡೇನಿ. ಖಾತ್ರಿ ಮಾಡ್ಕೊಳ್ಳಾಕ."

"ಮಕ್ಕಳೆಷ್ಟು ಅಂತ ನಾ ಕೇಳ್ತೀನಿ. 'ಒಬ್ಬವ್ನ ಮಗ, ಅಷ್ಟ' ಅಂತಾರ. ಇಡೀ ಸಿನಿಮಾದಾಗ ನನಗ ಭಾಳ ಸೇರಿದ್ದು ಅದ. ಮಾತು ಮುಗದ ಮ್ಯಾಲೂ ಎಷ್ಟೋ ಹೊತ್ತು ಅವರ ಮುಖ ಇಟ್ಟೇನಿ."

"ಆ ಒಂದ ಮಾತು ತಗಿಯಾಕ ಬರ್ತೈತೇನ್ರಿ?"

"ದುಂಡೇಶ ಅವರೇ, ನೀವು ನಿದ್ದಿ ಮಾಡಿದ್ರೇನು?"

"ಹೂಂರಿ."

"ಮತ್ತ ಒಳಮನಸ್ಸು ತೆರೀಲಿಲ್ಲ ಅಂತ ಬರದಿದ್ರಿ!" ಎಂದು ಅವಳು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ.

ಚಿತ್ರ ತೋರಿಸುವ ದಿನ ಅವನು ಬಸ್ ಸ್ಟ್ಯಾಂಡಿಗೆ ಹೋಗಿ ಮುಧೋಳದ ಬಸ್ಸಿಗೆ ಕಾದ. ಕಾವೇರಿ ಇಳಿದಳು, ಹೊಸ ಸೀರೆ ಉಟ್ಟಿದ್ದಳು. ಅಪ್ಪನನ್ನು ನೋಡಲು ಹೊರಟವಳು. ಗೌರೀಶ ಹಿಂದಿನ ದಿನವೇ ಮುಧೋಳಕ್ಕೆ ಹೋಗಿ ಕೂಸನ್ನು ಕರೆತಂದಿದ್ದ. ಕಬ್ಬಿನ ಹಾಲಿನ ಅಂಗಡಿಯ ನೆರಳಿಗೆ ಅವಳನ್ನು ಕರೆದು ದುಂಡೇಶ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಮಲಗಿದ್ದು, ಸುಳ್ಳು ಕಟ್ಟಿದ್ದು, ಬಸಗೊಂಡಪ್ಪ ನಿಜವಾಗಿ ಅಂದದ್ದು.

ಕಾವೇರಿ ಅವನನ್ನು ನೋಡಲೇ ಇಲ್ಲ. ಕಬ್ಬು ಅರೆಯುವ ಗಾಲಿಯ ಕಡೆಗೇ ಕಣ್ಣಿಟ್ಟಿದ್ದಳು.

"ಕಣ್ಣಾಗ ನೀರು ಬಂದದ್ದೂ ನೀನ ಮಾಡಿದ್ದೇನು?"

"ಹೂಂ."

"ಇವತ್ತ್ಯಾಕ ಹೇಳಿದಿ?"

"ನೀ ಅಲ್ಲಿ ಎಲ್ಲಾರ ಮುಂದ ಒಮ್ಮಿಗೇ ಕೇಳಬಾರದಂತ..."

"ಎರಡು ತಿಂಗಳು ನಮ್ಮಪ್ಪ ಛಲೋ ಮನಶ್ಯಾ ಆಗಿದ್ದ ನೋಡು" ಅಂದಳು ಕಾವೇರಿ. ಮಾತಿನಲ್ಲಿ ಸಿಟ್ಟಿರಲಿಲ್ಲ. "ಅವ್ವಗ ಹೇಳಬ್ಯಾಡ."

"ಅಕಿ ನೋಡ್ತಾಳಲ್ಲ, ಗೊತ್ತಾಗ್ತೈತಿ."

"ಹೇಳಬ್ಯಾಡಂದ್ನಿ." ಅವಳು ಮನೆಯ ಕಡೆ ನಡೆದಳು. ಬಂದ ಬಸ್ಸಿಗೇ ತಿರುಗಿ ಹತ್ತಲಿಲ್ಲವಲ್ಲ ಎಂದು ದುಂಡೇಶ ಸಮಾಧಾನಪಟ್ಟ, ಪಟ್ಟ ಸಮಾಧಾನಕ್ಕೆ ನಾಚಿಕೊಂಡ.

ಸಮುದಾಯ ಭವನ ತುಂಬಿತ್ತು. ತಮ್ಮ ಓಣಿ, ತಮ್ಮ ಮಗ್ಗ, ತಮ್ಮದೇ ನಾಯಿ ಪರದೆಯ ಮೇಲೆ ಬಂದಾಗ ಜನ ಸಿಳ್ಳೆ ಹೊಡೆದರು. ಶಂಕ್ರೆವ್ವ ದುಂಡೇಶನನ್ನು ಪಕ್ಕಕ್ಕೇ ಕೂಡಿಸಿಕೊಂಡಿದ್ದಳು; ಅವಳ ಆಚೆ ಕಾವೇರಿ, ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಗೌರೀಶ. ಈ ಸಲ ಮಗ್ಗದ ಸದ್ದಿಗೆ ದುಂಡೇಶನಿಗೆ ನಿದ್ದೆ ಬರಲಿಲ್ಲ. ಬಂದಿದ್ದರೆ ಪುಣ್ಯ ಎನಿಸಿತು.

"ಮಕ್ಕಳೆಷ್ಟರಿ ನಿಮಗ?" ಎಂದು ವೈಶಾಲಿಯ ದನಿ ಕೇಳಿತು.

"ಒಬ್ಬವ್ನ ಮಗ, ಅಷ್ಟ" ಅಂದ ಬಸಗೊಂಡಪ್ಪ.

ಭವನದಲ್ಲಿ ಯಾರೋ ಕೆಮ್ಮಿದರು. ಅವನ ಮುಖ ಪರದೆಯ ಮೇಲೆ ಹಾಗೇ ನಿಂತಿತ್ತು. ಆ ಮುಖದಲ್ಲಿ ಏನಿದೆ ಎಂದು ದುಂಡೇಶ ಕಣ್ಣು ಕಿರಿದುಮಾಡಿ ನೋಡಿದ. ಪಶ್ಚಾತ್ತಾಪ ಎಂದರೆ ಪಶ್ಚಾತ್ತಾಪ, ಹಟ ಎಂದರೆ ಹಟ, ಬಿಸಿಲಿಗೆ ಕಣ್ಣು ಕಿವುಚಿದ್ದು ಎಂದರೆ ಅದೂ ಆದೀತು.

ಶಂಕ್ರೆವ್ವ ಅವನ ಕಿವಿಗೆ ಬಗ್ಗಿದಳು. "ನೀ ಹೇಳಿದ್ದು ಇದರ ಮುಂದ ಬರ್ತೈತೇನೋ?"

ಅವನು ಬಾಯಿ ತೆರೆಯುವಷ್ಟರಲ್ಲಿ ಕಾವೇರಿಯೇ ಹೇಳಿದಳು: "ಬೆಂಗಳೂರಾಗ ತೋರಿಸಿದ್ದು ದೊಡ್ಡದಿತ್ತಂತ ಬೇ. ಇಲ್ಲಿಗಂತ ಕಡಿಮಿ ಮಾಡ್ಯಾರ."

ದುಂಡೇಶ ಶುರು ಮಾಡಿದ ಸುಳ್ಳನ್ನು ಈಗ ಅವಳು ಹೊರುತ್ತಿದ್ದಳು, ಅದೂ ತನ್ನ ಹೆಸರನ್ನೇ ಎತ್ತದ ಅಪ್ಪನ ಎದುರಿಗೆ ಕುಳಿತು.

ಚಿತ್ರ ಮುಗಿದು ದೀಪ ಹತ್ತಿತು. ಶಂಕ್ರೆವ್ವ ಎದ್ದವಳೇ ವೇದಿಕೆಯ ಬಳಿಯಿದ್ದ ವೈಶಾಲಿಯ ಕಡೆ ಹೊರಟಳು. "ಆ ತಗದಿಟ್ಟ ತುಣುಕು ಇರಬೇಕಲ್ಲ, ನನಗೊಂದು ಕೊಡವ್ವಾ, ಮೊಬೈಲಿನಾಗ ಇಟ್ಕೋತೀನಿ ಅಂತ ಕೇಳ್ತೀನಿ" ಅನ್ನುತ್ತಿದ್ದಳು.

ದುಂಡೇಶ ಓಡಿ ಹೋಗಿ ಅಡ್ಡ ನಿಂತ. "ದೊಡ್ಡವ್ವಾ, ಅಂಥಾ ತುಣುಕಿಲ್ಲ. ಅವರು ಹಂಗ ಅಂದೇ ಇಲ್ಲ. ನಾ ಮಲಗಿಬಿಟ್ಟಿದ್ನಿ. ನಾನ ಕಟ್ಟಿ ಹೇಳಿದ್ನಿ."

"ಸುಮ್ಮನಿರು ಅಂದಿದ್ನಲ್ಲೋ ನಿನಗ!" ಎಂದು ಕಾವೇರಿ ಹಿಂದಿನಿಂದ ಚೀರಿದಳು. ಗೌರೀಶ ಇಬ್ಬರನ್ನೂ ಪಿಳಿಪಿಳಿ ನೋಡಿದ.

ಶಂಕ್ರೆವ್ವ ದುಂಡೇಶನಿಗೆ ಬಡಿಯುತ್ತಾಳೆ ಎಂದೇ ಸುತ್ತಲಿನವರು ಎಣಿಸಿದರು. ಬಡಿಯಲೆಂದೇ ಅವನೂ ಕಾದ. ಅವಳು ಮಾತ್ರ ಖಾಲಿ ಪರದೆಯ ಕಡೆ ನೋಡಿ ಕೇಳಿದಳು: "ಹಂಗಾದ್ರ ಒಬ್ಬವ್ನ ಮಗ ಅಂದದ್ದಷ್ಟ ಖರೆ?"

"ಹೂಂ ದೊಡ್ಡವ್ವಾ."

"ನಾನೂ ಹಂಗ ಅಂದೇನಿ." ಅವಳ ದನಿ ಬಹಳ ಸಣ್ಣದಾಗಿತ್ತು. "ಲಗ್ನದಾಗ, ಆಸ್ಪತ್ರ್ಯಾಗ, ಮಕ್ಕಳೆಷ್ಟು ಅಂತ ಯಾರು ಕೇಳಿದ್ರೂ ಒಬ್ಬವ್ನ ಅಂದೇನಿ. ಅವರು ಇಲ್ಲದಾಗನೂ ಅಂದೇನಿ. ನನ್ನ ಬಾಯಿ ಯಾರು ಹಿಡದಿದ್ರು?"

ಕಾವೇರಿ ಬಂದು ಎದುರಿಗೆ ನಿಂತಳು. "ಗೊತ್ತೈತಿ ಬೇ. ಕೇಳಿದವ್ರು ಮುಧೋಳಕ್ಕ ಬಂದು ನನಗ ಹೇಳತಿದ್ರು."

"ಗೊತ್ತಿದ್ದೂ ಬಂದಿ?"

ಕಾವೇರಿ ಗೌರೀಶನ ತೋಳಿನಿಂದ ಕೂಸನ್ನು ಇಸಿದುಕೊಂಡು ಬಾಗಿಲ ಕಡೆ ನಡೆದಳು. ಬಸ್ ಸ್ಟ್ಯಾಂಡಿಗೋ ಮನೆಗೋ ಅವಳ ನಡಿಗೆಯಿಂದ ತಿಳಿಯುವಂತಿರಲಿಲ್ಲ. ಶಂಕ್ರೆವ್ವ ಚಪ್ಪಲಿ ಮೆಟ್ಟುವುದನ್ನೂ ಮರೆತು ಹಿಂದೆ ಹಿಂದೆಯೇ ಹೋದಳು, ಕೈ ಹಿಡಿಯುವ ಧೈರ್ಯವಾಗದೆ ಮಗಳ ಸೆರಗಿನ ತುದಿ ಹಿಡಿದುಕೊಂಡು. ಗೌರೀಶ ತಾಯಿಯ ಚಪ್ಪಲಿ ಎತ್ತಿಕೊಂಡ. ದುಂಡೇಶನನ್ನು ದಾಟಿ ಹೋಗುವಾಗ ಬೈಯಲಿಲ್ಲ, ಗುದ್ದಲಿಲ್ಲ, ತಿರುಗಿಯೂ ನೋಡಲಿಲ್ಲ.

"ಈಗ ನಮ್ಮೂರಿನವರೇ ಆದ ದುಂಡೇಶ ಅವರು ಚಿತ್ರದ ಬಗ್ಗೆ ತಮ್ಮ ಅಭಿಪ್ರಾಯ ಹೇಳತಾರ" ಎಂದು ಯಾರೋ ಮೈಕಿನಲ್ಲಿ ಕೂಗಿದರು. ಜನ ಚಪ್ಪಾಳೆ ತಟ್ಟಿದರು. ದುಂಡೇಶ ಬಾಗಿಲಿಗೆ ಓಡಿದ. ಬೀದಿಯ ತಿರುವಿನಲ್ಲಿ ಕಾವೇರಿ ನಿಂತಿದ್ದಳು. ಎಡಕ್ಕೆ ಹೋದರೆ ಬಸ್ ಸ್ಟ್ಯಾಂಡು. ಅವಳು ತಾಯಿಯ ಬರಿಗಾಲು ನೋಡಿ ಏನೋ ಬೈದಳು, ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು, ಮನೆಯ ಓಣಿಗೆ ತಿರುಗಿದಳು. ಹೋಗಿ ಕಾಲಿಗೆ ಬೀಳಬೇಕು ಎನಿಸಿತು ದುಂಡೇಶನಿಗೆ. ಆದರೆ ಆ ಓಣಿಗೆ ಹೋಗುವ ಮುಖ ಅವನಲ್ಲಿ ಉಳಿದಿರಲಿಲ್ಲ.