ವನಜಾ ಕೇಳಿದ ಪತ್ರ

ವನಜಾ ಯಾರನ್ನು ಮೊದಲ ಸಲ ಕಂಡರೂ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಹಸ್ತಸಾಮುದ್ರಿಕೆಯೇನಲ್ಲ. ನಮ್ಮಿಬ್ಬರ ವೃತ್ತಿಯೇ ಅದು, ಆಕ್ಯುಪೇಷನಲ್ ಥೆರಪಿ. ಸ್ಟ್ರೋಕ್ ಆದವರಿಗೆ, ಬಿದ್ದು ಕೈ ಮುರಿದುಕೊಂಡವರಿಗೆ ಮತ್ತೆ ಗುಂಡಿ ಹಾಕಿಕೊಳ್ಳುವುದನ್ನು, ತಲೆ ಬಾಚಿಕೊಳ್ಳುವುದನ್ನು, ತಟ್ಟೆಯಿಂದ ತುತ್ತೆತ್ತುವುದನ್ನು ಕಲಿಸುವ ಕೆಲಸ. ನಾನೂ ಅದನ್ನೇ ಓದಿದವಳು, ಅವಳ ಪಕ್ಕದ ಬೆಂಚಿನಲ್ಲೇ ಕೂತು. ಆದರೆ ಬಸ್ಸು ಹತ್ತಿದರೆ ನಾನು ಸೀಟು ಹುಡುಕುತ್ತೇನೆ, ಅವಳು ಕಂಡಕ್ಟರನ ಹೆಬ್ಬೆರಳು ನೋಡಿ, "ಅಣ್ಣ, ಈ ಕೈ ಜೋಮು ಹಿಡಿಯತ್ತಾ ನಿಮಗೆ?" ಎಂದು ಕೇಳಿಬಿಡುತ್ತಿದ್ದಳು. ಆತ ಟಿಕೆಟ್ ಕೊಡುವುದು ಬಿಟ್ಟು ಕೈ ಚಾಚಿ ನಿಲ್ಲುತ್ತಿದ್ದ. ಹಿಂದಿನವರು ಇಬ್ಬರಿಗೂ ಸೇರಿಸಿ ಬೈಯುತ್ತಿದ್ದರು.

ಬಿನ್ನಿಪೇಟೆಯ ಹುಡುಗಿ. ತಂದೆ ಬಟ್ಟೆ ಮಿಲ್ಲಿನಲ್ಲಿದ್ದವರು. "ಅಪ್ಪ ಕಣ್ಣು ಮುಚ್ಕೊಂಡು ಹರಿದ ನೂಲಿಗೆ ಗಂಟು ಹಾಕ್ತಿದ್ರು ಕಣೇ ಶೋಭಾ. ಕೈಗೆ ಎಲ್ಲಾ ನೆನಪಿರತ್ತೆ. ನಾವು ಕೇಳೋ ತರ ಕೇಳ್ಬೇಕು ಅಷ್ಟೆ," ಎನ್ನುವುದು ಅವಳ ಮಾತು. ಅವಳ ಚೀಲದಲ್ಲಿ ಹಳೆಯ ಗುಂಡಿಗಳು, ಹೇರ್‌ಪಿನ್ನು, ಬಿಡಿಸದ ಅವರೆಕಾಯಿ, ಒಂದು ಬೀಗ ಮತ್ತು ಅದರದಲ್ಲದ ಮೂರು ಬೀಗದ ಕೈಗಳು ಇರುತ್ತಿದ್ದವು. ಎಲ್ಲವೂ ರೋಗಿಗಳಿಗಾಗಿ. ನನ್ನ ಚೀಲದಲ್ಲಿ ತರಿಸಿಕೊಂಡ ದುಬಾರಿ ಉಪಕರಣಗಳಿರುತ್ತಿದ್ದವು. ರೋಗಿಗಳು ಅವಳ ಚೀಲದೊಳಗೇ ಇಣುಕುತ್ತಿದ್ದರು.

ವಿಜಯನಗರದ ಮೆಡಿಕಲ್ ಸ್ಟೋರೊಂದರ ಮೇಲಿನ ಕೋಣೆಯಲ್ಲಿ ಇಬ್ಬರೂ ಸೇರಿ ಕ್ಲಿನಿಕ್ ನಡೆಸುತ್ತಿದ್ದೆವು. ಬೆಳಿಗ್ಗೆ ನಾನು, ಸಂಜೆ ಅವಳು. ನನ್ನ ಹೊತ್ತಿಗೆ ಜಯಮ್ಮ ಎನ್ನುವವರು ಬರುತ್ತಿದ್ದರು. ರಾಜಾಜಿನಗರದ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕುರುಕಲು ತಿಂಡಿ ಮಾಡಿಕೊಡುತ್ತಿದ್ದ ಹೆಂಗಸು. ಸ್ಟ್ರೋಕ್ ಆಗಿ ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ನಾನು ಪುಸ್ತಕದಲ್ಲಿ ಹೇಳಿದಂತೆ ತೂತಿನ ಹಲಗೆ ಮುಂದಿಟ್ಟು, ಮರದ ಕಡ್ಡಿಗಳನ್ನು ಒಂದೊಂದಾಗಿ ಸಿಕ್ಕಿಸಲು ಹೇಳುತ್ತಿದ್ದೆ. "ಇದೇನ್ ತಾಯಿ, ಮಕ್ಕಳಾಟ," ಎಂದು ಅವರು ಗೋಡೆ ನೋಡುತ್ತಿದ್ದರು. ಆರು ವಾರ ಹೀಗೇ ಹೋಯಿತು.

ಒಂದು ದಿನ ಮಗನಿಗೆ ಬೆಳಿಗ್ಗೆ ಬಿಡುವಾಗದೆ ಜಯಮ್ಮನನ್ನು ಸಂಜೆ ಕರೆತಂದ. ನಾನು ಇನ್ನೂ ಅಲ್ಲೇ ಇದ್ದೆ. ವನಜಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಎತ್ತಿಕೊಂಡು, "ಈ ಕೈ ಮೊದ್ಲು ಏನ್ ಕೆಲ್ಸ ಮಾಡ್ತಿತ್ತು ಅಮ್ಮಾ?" ಎಂದಳು. ನಾನು ಅವರ ಬಿ.ಪಿ. ಕೇಳಿದ್ದೆ, ಶುಗರ್ ಕೇಳಿದ್ದೆ, ವಯಸ್ಸು ಕೇಳಿದ್ದೆ. ಇದನ್ನು ಕೇಳಿರಲಿಲ್ಲ.

"ಕೋಡುಬಳೆ," ಎಂದರು ಜಯಮ್ಮ.

ಮಾರನೆಯ ದಿನ ವನಜಾ ಮನೆಯಿಂದಲೇ ಹಿಟ್ಟು ಕಲಸಿ ತಂದಳು. ಜಯಮ್ಮ ಹೊಸೆದರು, ಮುರಿಯಿತು. ಮತ್ತೆ ಹೊಸೆದರು, ಮತ್ತೆ ಮುರಿಯಿತು. "ಹಿಟ್ಟಿಗೆ ಬಿಸಿ ಎಣ್ಣೆ ಸಾಲ್ದು ಕಣಮ್ಮ, ಯಾರು ಕಲಸಿದ್ದು ಇದನ್ನ?" ಎಂದು ರೇಗಿದರು. ಆರು ವಾರದಲ್ಲಿ ನನ್ನೆದುರು ಅವರು ಇಷ್ಟು ಉದ್ದದ ಮಾತಾಡಿರಲಿಲ್ಲ. ಹತ್ತು ಹದಿನೈದು ದಿನ ಕಳೆದ ಮೇಲೆ ಒಂದು ಸಂಜೆ, ಸೊಟ್ಟಗಾದರೂ ಒಂದು ಬಳೆ ಆಯಿತು. "ತುದಿ ಎರಡೂ ಕೂಡ್ತು ನೋಡಿ! ಕೈ ಮನೆಗೆ ಬಂತು," ಎಂದಳು ವನಜಾ. ಜಯಮ್ಮ ಅತ್ತರು, ಮಗ ಅತ್ತ, ಬಾಗಿಲಲ್ಲಿ ನಿಂತಿದ್ದ ನನ್ನ ಕಣ್ಣೂ ತುಂಬಿತು. ಸಂತೋಷಕ್ಕೆಂದು ಅವರು ತಿಳಿದರು. ಅಲ್ಲ, ಹೊಟ್ಟೆಕಿಚ್ಚಿಗೆ. ಸುತ್ತಿ ಬಳಸಿ ಹೇಳುವುದೇಕೆ? ಮರುದಿನದಿಂದ ನನ್ನ ರೋಗಿಗಳಲ್ಲಿ ನಾಲ್ಕು ಜನ ಸಂಜೆಯೇ ಬಿಡುವು ಎಂದರು.

ಒಂದು ವಿಷಯದಲ್ಲಿ ಮಾತ್ರ ನಾನು ಅವಳಿಗಿಂತ ಮುಂದಿದ್ದೆ: ಕಾಗದಪತ್ರ. ನಮ್ಮ ವೃತ್ತಿಯವರೂ ರಾಜ್ಯದ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡು ಲೈಸೆನ್ಸ್ ಪಡೆಯಬೇಕು ಎಂದಾದಾಗ ನನ್ನ ಫೈಲು ಸಿದ್ಧವಿತ್ತು. ನಂಬರು ಬಂತು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದೆ. ವನಜಾಳ ಇಂಟರ್ನ್‌ಶಿಪ್ ಸರ್ಟಿಫಿಕೇಟು ಮನೆ ಬದಲಾಯಿಸುವಾಗ ಕಳೆದುಹೋಗಿತ್ತು. ನಾವು ಓದಿದ ಕಾಲೇಜು ಮುಚ್ಚಿತ್ತು. ಜೊತೆಯಲ್ಲೇ ಇಂಟರ್ನ್‌ಶಿಪ್ ಮಾಡಿ ಈಗಾಗಲೇ ಲೈಸೆನ್ಸ್ ಪಡೆದಿರುವವರ ಪತ್ರವಾದರೂ ತನ್ನಿ ಎಂದರಂತೆ ಕಚೇರಿಯಲ್ಲಿ.

"ನೀನೇ ಕಣೇ ನನಗೆ ಗತಿ," ಎಂದು ನಗುತ್ತಾ ಬಂದಳು, ಗೌರಿ ಹಬ್ಬದ ಹಿಂದಿನ ದಿನ. "ಬರೆದಿಡು, ನಾಳಿದ್ದು ತಗೋತೀನಿ. ಉಲ್ಲಾಳ ಉಪನಗರದಲ್ಲಿ ಒಬ್ರು ಪೇಷೆಂಟ್ ಕಾಯ್ತಾ ಇದಾರೆ."

ಅವಳು ಮೆಟ್ಟಿಲಿಳಿದ ಕೂಡಲೇ ಬರೆದೆ. ಒಳ್ಳೆಯ ಮನಸ್ಸಿನಿಂದಲೇ ಬರೆದೆ, ಇದನ್ನು ನಂಬಬೇಕು. ಸಹಿ ಮಾಡಿ, ತಾರೀಕು ಹಾಕಿ, ನನ್ನ ಹೊಸ ಸೀಲು ಒತ್ತಿ, ಕವರಿನಲ್ಲಿಟ್ಟೆ. ಅದೇ ಸಂಜೆ ಫೋನಿಗೆ ಸಂದೇಶ ಬಂತು. ಬಸವೇಶ್ವರನಗರದ ಆಸ್ಪತ್ರೆಯೊಂದರಲ್ಲಿ ನಮ್ಮ ವೃತ್ತಿಯದೇ ಒಂದು ವಿಭಾಗ ತೆರೆಯುತ್ತಾರೆ, ಮುಖ್ಯಸ್ಥರು ಬೇಕು, ಲೈಸೆನ್ಸ್ ಇದ್ದವರು ಮಾತ್ರ ತಿಂಗಳೊಳಗೆ ಅರ್ಜಿ ಹಾಕಬೇಕು. ವನಜಾ ಅರ್ಜಿ ಹಾಕಿದರೆ ನನ್ನನ್ನು ಯಾರೂ ಕೇಳುವುದಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಕವರನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ.

"ಸೀಲು ಇನ್ನೂ ಬಂದಿಲ್ಲ ಕಣೇ, ಅಂಗಡಿಯವನು ಸತಾಯಿಸ್ತಾ ಇದಾನೆ," ಎಂದೆ, ಅವಳು ಫೋನು ಮಾಡಿದಾಗ.

"ಯಾವ ಅಂಗಡಿ ಹೇಳು, ನಾನೇ ಹೋಗಿ ಇಸ್ಕೊಂಡ್ ಬರ್ತೀನಿ. ನೀನ್ಯಾಕೆ ಓಡಾಡ್ತೀಯ?"

"ಬೇಡ ಬಿಡೇ, ಬರತ್ತೆ."

ಮೂರು ಸಲ ಕೇಳಿದಳು, ಮೂರು ಸಲವೂ ಅದೇ ಸುಳ್ಳು ಹೇಳಿದೆ. ಒಮ್ಮೆಯೂ ಅವಳ ದನಿ ಬದಲಾಗಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಅರ್ಜಿಯ ಗಡುವು ಮುಗಿಯಿತು. ಕೆಲಸ ನನಗೆ ಸಿಕ್ಕಿತು. ದಸರಾ ಮುಗಿದ ಮೇಲೆ ವನಜಾ ಸ್ಟೀಲಿನ ಡಬ್ಬಿಯ ತುಂಬ ಕೋಡುಬಳೆ ತಂದಳು. "ಜಯಮ್ಮ ಮಾಡಿದ್ದು. ನಿನ್ನ ಹೊಸ ಕೆಲ್ಸಕ್ಕೆ. ಒಳ್ಳೇದಾಗ್ಲಿ ಕಣೇ." ಈಗ ಕೊಟ್ಟರೆ ನನಗೇನು ನಷ್ಟ ಎಂದು ಡ್ರಾಯರ್ ತೆಗೆದು ಕವರು ಕೊಟ್ಟೆ. ಅವಳು ಅಲ್ಲೇ ಬಿಚ್ಚಿ ಓದಿದಳು. ಓದುತ್ತಾ ಸಾಲಿನುದ್ದಕ್ಕೂ ಬೆರಳಾಡಿಸುವುದು ಅವಳ ರೂಢಿ. ಬೆರಳು ತಾರೀಕಿನ ಮೇಲೆ ನಿಂತಿತು. ಗೌರಿ ಹಬ್ಬದ ಹಿಂದಿನ ದಿನದ ತಾರೀಕು. ಕೆಳಗೆ ನನ್ನ ಸೀಲು, ಒಂದಕ್ಷರವೂ ಮಾಸದೆ.

ಅವಳು ತಲೆಯೆತ್ತಿದಳು. ಆಗಲೂ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈ ನೋಡಿದಳು. ಮುಷ್ಟಿ ಬಿಗಿದಿತ್ತು. ಅವಳು ಒಂದೊಂದೇ ಬೆರಳು ಬಿಡಿಸಿದಳು, ಜಯಮ್ಮನದು ಬಿಡಿಸುತ್ತಿದ್ದಳಲ್ಲ, ಹಾಗೆಯೇ.

"ಹೆಬ್ಬೆರಳು ಒಳಗೆ ಮಡಚ್ಕೋಬೇಡ ಕಣೇ," ಎಂದಳು. "ನೋವು ಬರತ್ತೆ."

ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಹೊರಟುಹೋದಳು. ನಾನು ಕ್ಲಿನಿಕ್ ಬಿಟ್ಟು ಹೊಸ ಕೆಲಸಕ್ಕೆ ಸೇರಿದ ಮೇಲೆ ನಾವು ಭೇಟಿಯಾಗಿಲ್ಲ. ಅವಳಿಗೂ ಲೈಸೆನ್ಸ್ ಬಂತೆಂದು ಕೇಳಿದೆ, ಉಲ್ಲಾಳದಲ್ಲಿ ಸ್ವಂತ ಕ್ಲಿನಿಕ್ ತೆರೆದಿದ್ದಾಳಂತೆ. ಅವಳ ಡಬ್ಬಿ ನಮ್ಮ ಅಡುಗೆಮನೆಯಲ್ಲೇ ಇದೆ. ಖಾಲಿ ಡಬ್ಬಿ ಹಿಂದಿರುಗಿಸಬಾರದು. ಅದರಲ್ಲಿ ಏನು ತುಂಬಿ ಕೊಡಲಿ ಎಂದು ಇನ್ನೂ ತೋಚಿಲ್ಲ.

ಹೋದ ವಾರ ನನ್ನ ವಿಭಾಗಕ್ಕೆ ಟೈಲರೊಬ್ಬರು ಬಂದಿದ್ದರು, ಎಡಗೈ ಸ್ವಾಧೀನದಲ್ಲಿಲ್ಲ. ನಾನು ತೂತಿನ ಹಲಗೆ ಮುಂದಿಟ್ಟೆ. ಸ್ವಲ್ಪ ಹೊತ್ತು ಕಡ್ಡಿ ಸಿಕ್ಕಿಸಲು ಹೆಣಗಿ, ಸಂಕೋಚದಿಂದ ಕೇಳಿದರು.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಉಲ್ಲಾಳದಲ್ಲಿ ಒಬ್ರು ಇದಾರಂತಲ್ಲ, ಅವರವರ ಕೆಲ್ಸಾನೇ ಕೊಟ್ಟು ಕೈ ಸರಿ ಮಾಡ್ತಾರಂತೆ. ಅವ್ರಿಗೆ ಒಂದು ಪತ್ರ ಬರ್ಕೊಡ್ತೀರಾ?"

ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ. ಕಾಗದ ತೆಗೆದುಕೊಂಡು ವನಜಾಳ ಹೆಸರು ಬರೆದೆ, ರೋಗಿಯ ವಿವರ ಬರೆದೆ, ಸಹಿ ಮಾಡಿದೆ, ಸೀಲು ಒತ್ತಿದೆ. ತಾರೀಕು ಹಾಕಿ, ಶಾಯಿ ಆರುವ ಮೊದಲೇ ಅವರ ಕೈಗೆ ಕೊಟ್ಟೆ.